ಗೃಹವಿಜ್ಞಾನ: ಹೊರೆಗೆ ತಕ್ಕ ಸ್ವಿಚ್ಚು

ಶಿವನಸಮುದ್ರದ ವಿದ್ಯುತ್ತು 1905ನೆಯ ಇಸವಿಯಲ್ಲಿ ಬೆಂಗಳೂರಿನ ಬೀದಿಗಳನ್ನು ಬೆಳಗಿತು. ಕ್ರಮೇಣ ಮನೆಗಳನ್ನು ಹೊಕ್ಕ ಆ ಶಕ್ತಿಯು ಇಂದು ದೀಪವನ್ನು ಬೆಳಗುವುದಲ್ಲದೆ ನೀರನ್ನು ಕಾಯಿಸುವುದು, ಹಿಟ್ಟನ್ನು ರುಬ್ಬುವುದು, ಬಾವಿಯಿಂದ ನೀರೆತ್ತುವುದು. ಕೆಲಸಗಳು ಹೀಗೆ ಬೇರೆಬೇರೆಯಾದರೂ ಸ್ವಿಚ್ಚುಗಳನ್ನು ಮಾತ್ರ ನಾವು ಅಂದವನ್ನು ನೋಡಿ ಕೊಳ್ಳುತ್ತೇವೆ. ಚಿನ್ನದ ತಕ್ಕಡಿಯಲ್ಲಿ ಸೌದೆಯನ್ನು ತೂಗುವವರುಂಟೆ?

ನಮ್ಮ ಮನೆಗಳಿಗೆ ವಿದ್ಯುತ್ತು 230 ವೋಲ್ಟಿನಲ್ಲಿ ಬರುವುದು. ಕಾಯಿಸುವ ಉಪಕರಣದ ಮೇಲೆ ಬರೆದಿರುವ ವಾಟ್ ಸಂಖ್ಯೆಯನ್ನು 230ರಿಂದ ಭಾಗಿಸಿದರೆ ಅದಕ್ಕೆ ಬೇಕಾದ ಆಂಪಿಯರು ತಿಳಿಯುವುದು. 2000 ವಾಟಿನ ಗೀಸರಿಗೆ ಸುಮಾರು 9 ಆಂಪಿಯರು ಬೇಕು. ದೀಪ, ಫ್ಯಾನುಗಳಿಗೆಂದು ಹಾಕಿದ 6 ಆಂಪಿಯರಿನ ಸ್ವಿಚ್ಚಿಗೆ ಈ ಹೊರೆಯನ್ನು ಹೊರಿಸಿದರೆ ಅದರ ಒಳಭಾಗವು ಕಾದು ಕರಗಿ, ಬೆಂಕಿಯೂ ಹತ್ತಬಹುದು. ಗೀಸರಿಗೆ 16 ಆಂಪಿಯರಿಗೆ ಕಡಮೆಯಿಲ್ಲದ, ಎರಡು ತಂತಿಗಳನ್ನೂ ಒಮ್ಮೆಗೇ ಕಡಿಯುವ ಡಬಲ್ ಪೋಲ್ ಸ್ವಿಚ್ಚು ಉತ್ತಮ. ಒಂದೇ ತಂತಿಯನ್ನು ಕಡಿಯುವ ಸ್ವಿಚ್ಚಾದರೆ, ತಂತಿಗಳು ಅದಲುಬದಲಾಗಿದ್ದಲ್ಲಿ, ಆರಿಸಿದ ಮೇಲೆಯೂ ಗೀಸರಿನೊಳಗೆ ವಿದ್ಯುತ್ತು ಉಳಿದಿರುವುದು. ಮಕ್ಕಳು ಒದ್ದೆ ಮೈಯಲ್ಲಿ ನಿಲ್ಲುವ ಬಚ್ಚಲಿನಲ್ಲಿ ಇದು ಅಲ್ಪ ವಿಷಯವಲ್ಲ.

ಮೋಟಾರಿನ ಸ್ವಭಾವವೇ ಬೇರೆ. ನಿಂತ ಬಂಡಿಯನ್ನು ಕದಲಿಸಲು ಎತ್ತುಗಳು ಹೆಚ್ಚು ಬಲ ಹಾಕುವಂತೆ, ಪಂಪಿನ ಮೋಟಾರು ಹೊರಡುವಾಗ ಕ್ಷಣಕಾಲ ಐದಾರು ಪಟ್ಟು ಪ್ರವಾಹವನ್ನು ಸೆಳೆಯುವುದು. ನಿಲ್ಲಿಸುವಾಗಲೋ, ಅದರ ಸುರುಳಿಯಲ್ಲಿದ್ದ ಕಾಂತಶಕ್ತಿಯು ಸ್ವಿಚ್ಚಿನೊಳಗೆ ಕಿಡಿಯಾಗಿ ಹಾರಿ ಲೋಹವನ್ನು ಸವೆಸುವುದು. ಆದಕಾರಣ ಪಂಪಿಗೆ ಮೋಟಾರಿನ ಶಕ್ತಿಗೆ ಹೊಂದುವ ಸ್ಟಾರ್ಟರನ್ನೇ ಹಾಕಿಸತಕ್ಕದ್ದು.

ತಾನಾಗಿ ಕಡಿದುಕೊಳ್ಳುವ ಎಂ.ಸಿ.ಬಿ.ಯಲ್ಲಿಯೂ ಭೇದವುಂಟು. ಬಿ ಜಾತಿಯದು ತನ್ನ ಅಳತೆಯ ಮೂರರಿಂದ ಐದು ಪಟ್ಟು ಪ್ರವಾಹಕ್ಕೂ, ಸಿ ಜಾತಿಯದು ಐದರಿಂದ ಹತ್ತು ಪಟ್ಟು ಪ್ರವಾಹಕ್ಕೂ ತಟ್ಟನೆ ಕಡಿಯುವುದು. ಮೊದಲನೆಯದು ದೀಪ, ಗೀಸರುಗಳಿಗೆ ಯೋಗ್ಯ; ಎರಡನೆಯದು ಮೋಟಾರಿನ ಮೊದಲ ಸೆಳೆತವನ್ನು ಸಹಿಸಿಕೊಳ್ಳುವುದು. ಎಂ.ಸಿ.ಬಿ. ಪದೇಪದೇ ಬೀಳುವುದೆಂದು ಬೇಸತ್ತು ಹೆಚ್ಚಿನ ಆಂಪಿಯರಿನದನ್ನು ಹಾಕಿಸುವವರುಂಟು. ಗೋಡೆಯೊಳಗಿನ ತಂತಿಯು ಹಿಂದಿನದೇ ಆಗಿರುವುದರಿಂದ, ಇನ್ನು ಮುಂದೆ ಕಾವಲುಗಾರನು ಸುಮ್ಮನಿರುವನು, ತಂತಿಯು ಬೇಯುವುದು. ಬೀಳುವ ಕಾರಣವನ್ನು ಹುಡುಕಿಸುವುದೇ ವಿವೇಕ.

ಗೃಹಿಣಿಯರು ಇಷ್ಟನ್ನು ಗಮನಿಸಿದರೆ ಸಾಕು: ಸ್ವಿಚ್ಚು ಮುಟ್ಟಿದರೆ ಬಿಸಿಯಾಗಿದೆಯೆ, ಚಟಪಟ ಶಬ್ದವಿದೆಯೆ, ಸುಟ್ಟ ವಾಸನೆಯಿದೆಯೆ? ಇವುಗಳಲ್ಲಿ ಒಂದು ಕಂಡರೂ ಆ ಉಪಕರಣವನ್ನು ಬಳಸದೆ, ಮೇನನ್ನು ಆರಿಸಿ, ಪರವಾನಗಿಯುಳ್ಳ ಕೆಲಸಗಾರನನ್ನು ಕರೆಯಿಸಿರಿ. ಹೊಸ ಉಪಕರಣವು ಮನೆಗೆ ಬಂದ ದಿನ, ಅದರ ವಾಟನ್ನೂ ಸ್ವಿಚ್ಚಿನ ಆಂಪಿಯರನ್ನೂ ಹೋಲಿಸಿ ನೋಡಿದ ಮೇಲೆಯೇ ಗುಂಡಿಯನ್ನು ಒತ್ತಿರಿ.