ಸವೆದ ಮೆಟ್ಟಿಲುಗಳು

ಬಾವಿಕಟ್ಟೆಯ ಕಲ್ಲಿನ ಮೇಲೆ ಹಗ್ಗ ಕೊರೆದ ಗೆರೆಯನ್ನು ಕಂಡು ‘ಕಲ್ಲು ಹಾಳಾಯಿತು’ ಎಂದು ಯಾರೂ ಮರುಗುವುದಿಲ್ಲ. ಗಂಧ ತೇಯ್ದು ತೇಯ್ದು ನಡುವೆ ತಗ್ಗಾದ ಸಾಣೆಕಲ್ಲನ್ನು ಯಾವ ಗೃಹಿಣಿಯೂ ಹಿತ್ತಲಿಗೆ ಎಸೆಯುವುದಿಲ್ಲ. ಚಾಮುಂಡಿಬೆಟ್ಟದ ಸಾವಿರ ಮೆಟ್ಟಿಲುಗಳನ್ನು ದೊಡ್ಡ ದೇವರಾಜ ಒಡೆಯರು 17ನೆಯ ಶತಮಾನದಲ್ಲಿ ಕಟ್ಟಿಸಿದರು. ಮುನ್ನೂರೈವತ್ತು ವರ್ಷಗಳಿಂದ ಹತ್ತಿಳಿದ ಪಾದಗಳು ಆ ಕಲ್ಲುಗಳನ್ನು ನುಣುಪಾಗಿಸಿವೆ. ಕೆಲವು ವಸ್ತುಗಳು ಸವೆಯುವುದೇ ಅವುಗಳ ಸಾರ್ಥಕ್ಯ. ಆದರೆ ಈ ವಿವೇಕವನ್ನು ನಾವು ಕಲ್ಲಿಗೆ ತೋರುವಷ್ಟು ಮರಕ್ಕೆ ತೋರುವುದಿಲ್ಲ, ಅದರಲ್ಲೂ ಮನೆಯ ಮೂಲೆಯಲ್ಲಿ ಗವುಸು ಹೊದ್ದು ಕುಳಿತ ವಾದ್ಯಕ್ಕಂತೂ ತೋರುವುದೇ ಇಲ್ಲ.

ವೀಣೆಗೂ ಮೆಟ್ಟಿಲುಗಳುಂಟು. ಒಟ್ಟು 24. ಅವೂ ಸವೆಯುತ್ತವೆ. ಈ ವಾರದ ಮಾತು ಆ ಸವೆತದ ಕುರಿತು.

ಮೈಸೂರಿನ ಕೃಷ್ಣಮೂರ್ತಿಪುರದಲ್ಲಿ ಹಳೆಯ ಕಾಲದ ಹೆಂಚಿನ ಮನೆಗಳು ಇಂದು ಅಲ್ಲೊಂದು ಇಲ್ಲೊಂದು ಉಳಿದಿವೆ. ನಮ್ಮ ಪರಿಚಯದ ಅಂಥದೊಂದು ಮನೆಗೆ ಈಚೆಗೆ ಹೊಸ ಅತಿಥಿಯೊಂದು ಆಗಮಿಸಿತು. ಇಂಜಿನಿಯರಿಂಗ್ ಓದುತ್ತಿರುವ ಮೊಮ್ಮಗ ತಂದ ಬೇಸ್ ಗಿಟಾರ್ ಅದು. ಪೆಟ್ಟಿಗೆ ತೆರೆದು ನೋಡಿದ ತಾಯಿಗೆ ಆಘಾತ. ಬಣ್ಣ ಅಲ್ಲಲ್ಲಿ ಕಿತ್ತು ಹೋಗಿದೆ, ಅಂಚಿನಲ್ಲಿ ಮರ ಕಾಣುತ್ತಿದೆ, ತಿರುಪುಗಳಿಗೆ ತುಕ್ಕು ಹಿಡಿದಿದೆ.

“ಇದೇನೋ, ಹಳೇ ಸಾಮಾನು ಕೊಟ್ಟು ಟೋಪಿ ಹಾಕಿದ್ದಾರಲ್ಲೋ!”

“ಹಳೇದಲ್ಲಮ್ಮ, ಹೊಸದೇ. ಹಳೇದರ ಹಾಗೆ ಕಾಣಲಿ ಅಂತ ಕಂಪನಿಯವರೇ ಹೀಗೆ ಮಾಡಿ ಕೊಡ್ತಾರೆ. ಇದಕ್ಕೇ ಬೆಲೆ ಜಾಸ್ತಿ.”

“ದುಡ್ಡು ಕೊಟ್ಟು ಹಳೇದು ತರೋದಾದರೆ ನಮ್ಮ ಅಟ್ಟದ ಮೇಲೇ ಬೇಕಾದಷ್ಟಿತ್ತಲ್ಲಪ್ಪ!”

ತಾಯಿಯ ಮಾತಿಗೆ ಮನೆಯವರೆಲ್ಲ ನಕ್ಕರು. ವಿಚಿತ್ರವೆಂದರೆ, ಅದೇ ವಾರ ಅದೇ ಮನೆಯಲ್ಲಿ ಇನ್ನೊಂದು ಏರ್ಪಾಟು ನಡೆದಿತ್ತು. ತೀರಿಕೊಂಡ ಅಜ್ಜಿಯ ವೀಣೆಯನ್ನು ಮರಗೆಲಸದವನಿಗೆ ಕೊಟ್ಟು, ಚೆನ್ನಾಗಿ ಉಜ್ಜಿಸಿ, ವಾರ್ನಿಷ್ ಹೊಡೆಸಿ, ವರ್ಷಾಬ್ದಿಕದ ಹೊತ್ತಿಗೆ ‘ಹೊಸದರಂತೆ’ ಮಾಡಿಸಿ ನಡುಮನೆಯಲ್ಲಿ ಇಡಬೇಕೆಂದು ಯಜಮಾನರು ನಿಶ್ಚಯಿಸಿದ್ದರು. ಒಂದೇ ಸೂರಿನ ಕೆಳಗೆ ಹೊಸದನ್ನು ಹಳೆಯದಾಗಿಸಲು ಮಗ ಹಣ ತೆತ್ತಿದ್ದ. ಹಳೆಯದನ್ನು ಹೊಸದಾಗಿಸಲು ತಂದೆ ಹಣ ತೆರಲು ಹೊರಟಿದ್ದರು!

ಮಗನ ಹುಚ್ಚಿಗೂ ಒಂದು ಚರಿತ್ರೆಯುಂಟು. ಅಮೆರಿಕದ ಲಿಯೊ ಫೆಂಡರ್ ಎಂಬಾತ 1951ರಲ್ಲಿ ‘ಪ್ರಿಸಿಷನ್ ಬೇಸ್’ ಎಂಬ ವಿದ್ಯುತ್ ವಾದ್ಯವನ್ನು ಮಾರುಕಟ್ಟೆಗೆ ತಂದ. ಅದುವರೆಗೆ ಆಳೆತ್ತರದ, ಮೆಟ್ಟಿಲಿಲ್ಲದ ಪಿಟೀಲಿನಂಥ ವಾದ್ಯದಲ್ಲಿ ಮಂದ್ರಸ್ವರ ನುಡಿಸುತ್ತಿದ್ದವರಿಗೆ ಕೊರಳಿಗೆ ನೇತುಹಾಕಿಕೊಳ್ಳಬಹುದಾದ, ಮೆಟ್ಟಿಲುಗಳಿರುವ ವಾದ್ಯ ದೊರೆಯಿತು. ಮೆಟ್ಟಿಲಿದ್ದುದರಿಂದ ಸ್ವರ ನಿಖರವಾಗಿ ನಿಲ್ಲುತ್ತದೆ ಎಂಬುದೇ ಆ ಹೆಸರಿನ ಅರ್ಥ. ನಾಲ್ಕು ದಪ್ಪ ತಂತಿಗಳು. ಲೋಹದ ಎಳೆಯ ಸುತ್ತ ಮತ್ತೊಂದು ಲೋಹದ ಎಳೆಯನ್ನು ಸುತ್ತಿ ಮಾಡಿದವು. ಇಂಥ ತಂತಿಯನ್ನು ದಿನಕ್ಕೆ ಸಾವಿರ ಸಲ ಮೆಟ್ಟಿಲಿಗೆ ಒತ್ತಿದರೆ ಅರದಿಂದ ತಿಕ್ಕಿದಂತಾಗಿ ತಂತಿಯ ಕೆಳಗೆ ಸಣ್ಣ ಕಚ್ಚು ಬೀಳುತ್ತದೆ. ಬಲ ಮುಂಗೈ ಒರಗುವ ಮೇಲಂಚಿನಲ್ಲಿ ಬೆವರಿಗೆ ಬಣ್ಣ ಕರಗುತ್ತದೆ. ಹೆಬ್ಬೆರಳು ಊರುವ ಜಾಗ ನುಣುಪಾಗುತ್ತದೆ. ಸೊಂಟಪಟ್ಟಿಯ ಕೊಂಡಿ ತಾಗಿ ಬೆನ್ನಿನ ಭಾಗ ಗೀರಾಗುತ್ತದೆ. ಆ ಕಾಲದ ನೈಟ್ರೊಸೆಲ್ಯುಲೋಸ್ ಅರಗು ತೆಳುವಾದದ್ದು. ವರ್ಷಗಳು ಕಳೆದಂತೆ ಹಳದಿಗೆ ತಿರುಗಿ, ಚಳಿ ಸೆಕೆಗಳಿಗೆ ಕೂದಲೆಳೆಯಂತೆ ಬಿರುಕು ಬಿಡುತ್ತದೆ.

ಹೀಗೆ ಸವೆದ ವಾದ್ಯಗಳನ್ನು ಹಿಡಿದವರು ಕೀರ್ತಿಶಾಲಿಗಳಾದಾಗ ಸವೆತಕ್ಕೇ ಬೆಲೆ ಬಂದಿತು. ಐರ್ಲೆಂಡಿನ ರೋರಿ ಗ್ಯಾಲಹರ್ ನುಡಿಸುತ್ತಿದ್ದ 1961ರ ಗಿಟಾರಿನ ಬಣ್ಣ ಬಹುಪಾಲು ಹೋಗಿ ಬರಿ ಮರ ಕಾಣುತ್ತಿತ್ತು. ವಿಲ್ಲಿ ನೆಲ್ಸನ್ ಎಂಬ ಅಮೆರಿಕದ ಗಾಯಕ 1969ರಲ್ಲಿ ಕೊಂಡ ಗಿಟಾರಿನ ತೆಳುಹಲಗೆಯಲ್ಲಿ ದಶಕಗಳ ಮೀಟುಗೆ ಒಂದು ತೂತೇ ಬಿದ್ದಿದೆ. ಆತ ಅದನ್ನು ಬಿಟ್ಟು ಬೇರೊಂದನ್ನು ಹಿಡಿದವನಲ್ಲ. ಬೇಸ್ ವಾದಕರಲ್ಲಿ ಅಗ್ರಗಣ್ಯನಾದ ಜೇಮ್ಸ್ ಜೇಮರ್ಸನ್ ತಂತಿ ತುಂಡಾಗುವತನಕ ಬದಲಿಸುತ್ತಿರಲಿಲ್ಲ. ಹಳೆಯ ತಂತಿಯ ಮಬ್ಬಾದ, ಗುಂಡನೆಯ ನಾದವೇ ಆತನ ಗುರುತಾಯಿತು. ಈ ಮೋಹವನ್ನು ಕಂಡ ಫೆಂಡರ್ ಕಂಪನಿ 1995ರಲ್ಲಿ ‘ರೆಲಿಕ್’ ಎಂಬ ಹೆಸರಿನಲ್ಲಿ, ಕಾರ್ಖಾನೆಯಲ್ಲೇ ಕೆರೆದು, ಕೊರೆದು, ಮುಪ್ಪು ಬರಿಸಿದ ಗಿಟಾರುಗಳನ್ನು ಮಾರತೊಡಗಿತು. ಕೃಷ್ಣಮೂರ್ತಿಪುರದ ಮನೆಗೆ ಬಂದದ್ದು ಆ ಪದ್ಧತಿಯ ಒಂದು ಕುಡಿ.

ಆ ಗಿಟಾರಿನ ಕೃತಕ ಸವೆತ ನೋಡಲು ಸೊಗಸಾಗಿಯೇ ಇದೆ. ಅದರಲ್ಲಿ ಇಲ್ಲದಿರುವುದು ಒಂದೇ: ಅದು ಯಾರ ಕಥೆಯನ್ನೂ ಹೇಳುವುದಿಲ್ಲ. ಯಂತ್ರದ ಉಜ್ಜುಕಾಗದಕ್ಕೆ ಯಾವ ರಾಗ ಗೊತ್ತು?

ಇನ್ನು ಅಜ್ಜಿಯ ವೀಣೆಗೆ ಬರೋಣ. ವೀಣೆಯ ಕೊಡ, ದಂಡಿಗಳು ಸಾಮಾನ್ಯವಾಗಿ ಹಲಸಿನ ಮರದವು. ಬೀಟೆಯ ಮರದ ವೀಣೆಗಳೂ ಉಂಟು. ದಂಡಿಯ ಇಬ್ಬದಿಯಲ್ಲಿ ಮೇಣದ ಸಾಲು, ಅದರ ಮೇಲೆ ಕಂಚಿನ ಮೆಟ್ಟಿಲುಗಳು. ಗಿಟಾರಿನ ಮೆಟ್ಟಿಲನ್ನು ಮರದಲ್ಲಿ ಹೂತು ಬಿಡುತ್ತಾರೆ. ವೀಣೆಯಲ್ಲಾದರೋ ಜೇನುಮೇಣ, ರಾಳ, ಕಾಡಿಗೆಗಳನ್ನು ಕೂಡಿಸಿ ಕಾಯಿಸಿದ ಮಿಶ್ರಣದ ಮೇಲೆ ಒಂದೊಂದನ್ನೂ ಕಿವಿಯಿಂದ ಆಲಿಸಿ ಸ್ವರಸ್ಥಾನಕ್ಕೆ ಕೂರಿಸಬೇಕು. ಇದಕ್ಕೆ ‘ಮೇಳ ಕಟ್ಟುವುದು’ ಎಂದು ಹೆಸರು. ನಮ್ಮ ಪೂರ್ವಿಕರು ತಿಳಿದೇ ಹೀಗೆ ಮಾಡಿದರು. ಸವೆಯುವ ಭಾಗವನ್ನು ತೆಗೆದು ಮತ್ತೆ ಕೂರಿಸುವಂತಿಟ್ಟರೆ, ಸವೆಯದ ಭಾಗ ತಲೆಮಾರುಗಳ ಕಾಲ ಬಾಳುತ್ತದೆ.

ಉಕ್ಕಿನ ತಂತಿಗಿಂತ ಕಂಚು ಮೃದು. ವೈಣಿಕರು ತಂತಿಯನ್ನು ಒತ್ತುವುದು ಮಾತ್ರವಲ್ಲ, ಗಮಕಕ್ಕಾಗಿ ಮೆಟ್ಟಿಲಿನ ಮೇಲೆ ಅಡ್ಡಲಾಗಿ ಎಳೆಯುತ್ತಾರೆ. ಆದ್ದರಿಂದ ಇಲ್ಲಿನ ಸವೆತ ಬರಿಯ ಕಚ್ಚಲ್ಲ. ತಂತಿ ಜಾರಿದ ದಾರಿಯುದ್ದಕ್ಕೂ ಹೊಳಪಾದ ತಗ್ಗು. ಬಲ್ಲವರು ಆ ತಗ್ಗುಗಳನ್ನು ಅಕ್ಷರದಂತೆ ಓದಬಲ್ಲರು. ಸರಳೆ ವರಸೆಯಿಂದ ಅಲಂಕಾರದವರೆಗೆ ನಮ್ಮ ಆರಂಭದ ಪಾಠಗಳೆಲ್ಲ ಮಾಯಾಮಾಳವಗೌಳದಲ್ಲಿ. ಆ ರಾಗಕ್ಕೆ ಸಾರಣಿಯ ತಂತಿಯಲ್ಲಿ ಬೇಕಾಗುವುದು 1, 4, 5, 7, 8, 11, 12ನೆಯ ಮೆಟ್ಟಿಲುಗಳು. ಅವು ಮಾತ್ರ ಸವೆದು, 2 ಮತ್ತು 3 ಹೊಸದರಂತಿದ್ದರೆ, ಆ ವೀಣೆಯ ಮುಂದೆ ಕುಳಿತ ಹುಡುಗಿ ಗೀತೆಗಳನ್ನು ಮುಗಿಸುವ ಮೊದಲೇ ಮದುವೆಯಾಗಿ ಹೋಗಿರಬಹುದು ಎಂದು ಊಹಿಸಬಹುದು. ಕೆಳಗಿನ ಮೆಟ್ಟಿಲುಗಳೆಲ್ಲ ಸಮನಾಗಿ ಸವೆದು, ತಾರಸ್ಥಾಯಿಯ ಮೆಟ್ಟಿಲುಗಳಲ್ಲೂ ತಗ್ಗು ಕಂಡರೆ, ಅಲ್ಲಿ ಹಲವು ರಾಗಗಳು ಬೆಳೆದಿವೆ ಎಂದರ್ಥ.

ಮೇಣದ ಅಂಚಿನಲ್ಲಿ ಎಣ್ಣೆಯ ಕಪ್ಪು ಪಸೆ ಕಂಡರೆ ಅದನ್ನು ಕೊಳೆಯೆಂದು ಹಳಿಯಬೇಡಿ. ಬೆರಳು ತಂತಿಯ ಮೇಲೆ ಸರಾಗವಾಗಿ ಜಾರಲೆಂದು ವೈಣಿಕರು ಎಡಗೈ ಬೆರಳಿಗೆ ಒಂದು ತೊಟ್ಟು ಎಣ್ಣೆ ಸವರಿಕೊಳ್ಳುವುದು ವಾಡಿಕೆ. ಅದು ವರ್ಷಗಟ್ಟಲೆಯ ಸಾಧನೆಯ ಗುರುತು. ಹಾಗೆಯೇ ಬಿರಡೆಗಳ ತಲೆ, ತೊಡೆಯ ಮೇಲೆ ಊರುವ ಸೋರೆಬುರುಡೆ, ಮುಂಗೈ ಒರಗುವ ಕೊಡದ ಅಂಚು—ಎಲ್ಲವೂ ಒಬ್ಬ ವ್ಯಕ್ತಿಯ ಕೂರುವ ಭಂಗಿಯ ಅಚ್ಚುಗಳು.

ಮೈಸೂರಿನಲ್ಲಿ ಈ ಮಾತಿಗೆ ವಿಶೇಷ ಅರ್ಥವಿದೆ. ವೀಣೆ ಶೇಷಣ್ಣನವರು (1852–1926) ತಮ್ಮ ಬಾನಿಯನ್ನು ಗ್ರಂಥದಲ್ಲಿ ಬರೆದಿಟ್ಟು ಹೋಗಲಿಲ್ಲ. ಶಿಷ್ಯರ ಬೆರಳುಗಳಲ್ಲಿ ಬಿಟ್ಟು ಹೋದರು. ಅವರಿಂದ ವೆಂಕಟಗಿರಿಯಪ್ಪನವರಿಗೆ, ವೆಂಕಟಗಿರಿಯಪ್ಪನವರಿಂದ ದೊರೆಸ್ವಾಮಿ ಅಯ್ಯಂಗಾರ್ಯರಿಗೆ (1920–1997) ಬಂದ ವಿದ್ಯೆ ಕೈಯಿಂದ ಕೈಗೆ ದಾಟಿದ ವಿದ್ಯೆ. ಹೆಸರು ಮಾಡದೆ ಮನೆಯೊಳಗೇ ನುಡಿಸಿ ತೀರಿಕೊಂಡ ಅಜ್ಜಿಯರಿಗೆ ಧ್ವನಿಮುದ್ರಿಕೆಯಿಲ್ಲ, ಪತ್ರಿಕೆಯ ವಿಮರ್ಶೆಯಿಲ್ಲ, ಪ್ರಶಸ್ತಿಯಿಲ್ಲ. ಅವರು ನುಡಿಸಿದರು ಎಂಬುದಕ್ಕೆ ಉಳಿದಿರುವ ಏಕೈಕ ಲಿಖಿತ ದಾಖಲೆ ಆ ಮೆಟ್ಟಿಲುಗಳ ಮೇಲಿನ ತಗ್ಗು. ಅದನ್ನು ಉಜ್ಜಿಸಿ ಹಾಕುವುದೆಂದರೆ, ಅಜ್ಜಿಯ ಪತ್ರಗಳನ್ನು ಓದದೆ ಒಲೆಗೆ ಹಾಕಿದಂತೆ.

ಹಾಗಾದರೆ ಹಳೆಯ ವೀಣೆಯನ್ನು ಮುಟ್ಟಲೇ ಬಾರದೇ? ಹಾಗೇನೂ ಇಲ್ಲ. ಭಾವುಕತೆಗೂ ಒಂದು ಎಲ್ಲೆಯಿರಬೇಕು. ಸವೆತದಲ್ಲಿ ಎರಡು ಬಗೆ: ನಾದಕ್ಕೆ ಅಡ್ಡಿಯಾಗುವುದು, ಆಗದಿರುವುದು. ಮೆಟ್ಟಿಲಿನ ತಗ್ಗು ಆಳವಾದರೆ ತಂತಿ ಮುಂದಿನ ಮೆಟ್ಟಿಲಿಗೆ ತಾಗಿ ಜರ್ರೆನ್ನುತ್ತದೆ. ಕುದುರೆಯ ಮೇಲಿನ ಲೋಹದ ತಗಡಿನಲ್ಲಿ ತಂತಿ ಕೊರೆದ ಗೆರೆ ಆಳವಾದರೆ ನಾದ ಮೂಗಿನಿಂದ ಬಂದಂತಾಗುತ್ತದೆ. ಹಳೆಯ ಮೇಣ ಬೇಸಗೆಗೆ ಮೆದುವಾಗಿ ಮೆಟ್ಟಿಲು ಸರಿಯುತ್ತದೆ, ಮುಪ್ಪಾದರೆ ಬಿರುಕು ಬಿಟ್ಟು ಉದುರುತ್ತದೆ. ಇವನ್ನು ವೀಣೆಯ ಕೆಲಸ ಬಲ್ಲ ಕುಶಲಿಯಿಂದಲೇ ಸರಿಪಡಿಸಬೇಕು. ಮೆಟ್ಟಿಲನ್ನು ನಯವಾಗಿ ಅರ ಹಿಡಿಸಿ, ಮೇಳವನ್ನು ಹೊಸದಾಗಿ ಕಟ್ಟಿಸಬೇಕು. ಹಾಗೆ ತೆಗೆದ ಹಳೆಯ ಮೆಟ್ಟಿಲುಗಳಲ್ಲಿ ಬಳಸಲಾಗದವನ್ನು ಎಸೆಯದೆ ಒಂದು ಡಬ್ಬಿಯಲ್ಲಿ ಕಾಪಾಡಿಕೊಳ್ಳಬಹುದು.

ಮರದ ಮೇಲ್ಮೈಯ ಮಾಸಿದ ಬಣ್ಣ, ಒರಗಿದ ಗುರುತು, ಗೀರು—ಇವು ನಾದಕ್ಕೆ ಅಡ್ಡಿಯಲ್ಲ. ಕುರ್ಚಿ ಮೇಜುಗಳ ಕೆಲಸದವನು ದಪ್ಪ ವಾರ್ನಿಷ್ ಬಳಿದರೆ ಕೊಡದ ತೆಳುಹಲಗೆಯ ಮಿಡಿತ ಮಂದವಾಗುವ ಅಪಾಯವುಂಟು. ಒಣ ಮೆತ್ತನೆಯ ಬಟ್ಟೆಯಿಂದ ಒರಸಿದರೆ ಸಾಕು. ಏಕಾಂಡ ವೀಣೆಯಲ್ಲದೆ ಜೋಡಣೆಯ ವೀಣೆಯಾದರೆ, ಕೊಡ ದಂಡಿಗಳು ಸೇರುವೆಡೆಯಲ್ಲಿ ಸಂದು ಬಿಟ್ಟಿದೆಯೇ ನೋಡಿಕೊಳ್ಳಿ. ಅಟ್ಟದ ಸೆಕೆ, ಕಿಟಕಿಯ ಬಿಸಿಲು, ಅಡುಗೆಮನೆಯ ಗೋಡೆ, ಈ ಮೂರೂ ವೀಣೆಗೆ ಶತ್ರುಗಳು. ಬಹುಕಾಲ ನುಡಿಸದೆ ಇಡುವುದಾದರೆ ತಂತಿಗಳನ್ನು ತುಸು ಸಡಿಲಿಸಿ. ಹಳೆಯ ವೀಣೆಗಳಲ್ಲಿ ಆನೆದಂತದ ಕುಸುರಿ ಇರುವುದುಂಟು. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆ ಮತ್ತು ಅದರ ತಿದ್ದುಪಡಿಗಳ ಮೇರೆಗೆ ದಂತದ ವ್ಯಾಪಾರ ನಿಷಿದ್ಧವಾದ್ದರಿಂದ, ಅಂಥ ವೀಣೆಯನ್ನು ಮಾರುವ ಯೋಚನೆ ಬಂದರೆ ಮೊದಲು ಕಾನೂನು ಬಲ್ಲವರನ್ನು ಕೇಳುವುದು ಕ್ಷೇಮ.

ಇನ್ನೊಂದು ಭ್ರಮೆಯನ್ನೂ ಇಲ್ಲಿಯೇ ನಿವಾರಿಸಿಬಿಡೋಣ. ಹಳೆಯದಾದ ಮಾತ್ರಕ್ಕೆ ವಾದ್ಯದ ನಾದ ಶ್ರೇಷ್ಠವೆಂದು ನಂಬುವವರಿದ್ದಾರೆ. ಕೋಟಿಗಟ್ಟಲೆ ಬೆಲೆಬಾಳುವ ಸ್ಟ್ರಾಡಿವೇರಿಯಸ್ ಮೊದಲಾದ ಹಳೆಯ ಪಿಟೀಲುಗಳನ್ನೂ ಹೊಸ ಪಿಟೀಲುಗಳನ್ನೂ, ಯಾವುದು ಯಾವುದೆಂದು ಕಾಣದಂತೆ ಮಾಡಿ, ಹತ್ತು ಮಂದಿ ಪ್ರಸಿದ್ಧ ವಾದಕರಿಗೆ ಕೊಟ್ಟು ಪರೀಕ್ಷಿಸಿದ ಫಲಿತಾಂಶ 2014ರಲ್ಲಿ ಪ್ರಕಟವಾಯಿತು. ಹೆಚ್ಚಿನವರು ಮೆಚ್ಚಿ ಆರಿಸಿಕೊಂಡದ್ದು ಹೊಸದನ್ನೇ; ಹಳೆಯದಾವುದು, ಹೊಸದಾವುದು ಎಂದು ಗುರುತಿಸುವುದೂ ಅವರಿಂದಾಗಲಿಲ್ಲ. ಆದ್ದರಿಂದ ಅಜ್ಜಿಯ ವೀಣೆಯನ್ನು ಉಳಿಸಿಕೊಳ್ಳಿರೆಂದು ಹೇಳುವಾಗ, ಅದು ಅಂಗಡಿಯ ಹೊಸ ವೀಣೆಗಿಂತ ಚೆನ್ನಾಗಿ ನುಡಿಯುತ್ತದೆ ಎಂಬ ಆಶ್ವಾಸನೆಯನ್ನು ನಾವು ಕೊಡಲಾರೆವು. ಅದು ನಮ್ಮದು ಎಂಬುದೊಂದೇ ಅದರ ಹೆಚ್ಚುಗಾರಿಕೆ, ಅದು ಸಾಲದೇ?

ಕೃಷ್ಣಮೂರ್ತಿಪುರದ ಮನೆಯಲ್ಲಿ ಕಡೆಗೆ ವಾರ್ನಿಷ್ ನಿಂತಿತು. ನಿಲ್ಲಿಸಿದವನು ಬೇರೆ ಯಾರೂ ಅಲ್ಲ, ಬೇಸ್ ಗಿಟಾರಿನ ಹುಡುಗನೇ. ‘ಅಪ್ಪ, ನಾನು ದುಡ್ಡು ಕೊಟ್ಟು ತಂದದ್ದು ಸುಳ್ಳು ಸವೆತ. ಇದು ನಿಜವಾದದ್ದು. ಇದನ್ನು ಅಳಿಸಬೇಡಿ’ ಎಂದನಂತೆ. ತಂದೆಯವರು ಒಪ್ಪಿದರು. ಮೇಳ ಮಾತ್ರ ಕಟ್ಟಿಸಿದರು. ಹುಡುಗನ ತಂಗಿ ಈಗ ಸರಳೆ ವರಸೆ ಆರಂಭಿಸಿದ್ದಾಳೆಂದು ಕೇಳಿ ಸಂತೋಷವಾಯಿತು.

ಬಳಸದ ವಸ್ತು ಸವೆಯುವುದಿಲ್ಲ, ನಿಜ. ಆದರೆ ಬಳಸದ ವೀಣೆಯ ತಂತಿಗೆ ತುಕ್ಕು ಹಿಡಿಯುತ್ತದೆ, ಮೇಣ ಒಡೆಯುತ್ತದೆ, ಕೊಡದೊಳಗೆ ಹುಳು ಸೇರುತ್ತದೆ. ಸವೆದು ಹೋಗುವುದಕ್ಕೂ ಕೊಳೆತು ಹೋಗುವುದಕ್ಕೂ ಅಜಗಜಾಂತರವುಂಟು. ನಿಮ್ಮ ಮನೆಯಲ್ಲೂ ಗವುಸು ಹೊದ್ದ ವೀಣೆ, ತಂಬೂರಿ, ಪಿಟೀಲುಗಳಿದ್ದರೆ ಈ ಭಾನುವಾರ ಒಮ್ಮೆ ಹೊರತೆಗೆದು ನೋಡಿ. ಯಾವ ಮೆಟ್ಟಿಲು ಹೆಚ್ಚು ಸವೆದಿದೆ ಎಂದು ಬೆರಳಾಡಿಸಿ ತಿಳಿಯಿರಿ. ಆಮೇಲೆ ಮಕ್ಕಳ ಕೈಗೆ ಕೊಡಿ. ಇನ್ನಷ್ಟು ಸವೆಯಲಿ.