ಹೊಗೆಯಾಗಿ ಹೋದ ವಿಷ ಹಾಲಾಗಿ ಮರಳುತ್ತದೆ

ಜಾತ್ರೆ ಮುಗಿದ ಮರುದಿನ ತೇರಿನ ಬೀದಿಯ ಕೊನೆಯಲ್ಲಿ ಹೊಗೆ ಏಳುವುದನ್ನು ನಾವೆಲ್ಲರೂ ಕಂಡಿದ್ದೇವೆ. ನೀರಿನ ಬಾಟಲಿ, ಪ್ಲಾಸ್ಟಿಕ್ ಲೇಪನದ ತಟ್ಟೆ, ಹರಿದ ಫ್ಲೆಕ್ಸ್‌ಗಳನ್ನು ಗುಡಿಸಿ ಬೆಂಕಿಯಿಟ್ಟರೆ ಆವರಣ ಶುಚಿಯಾಯಿತೆಂದು ನಂಬುತ್ತೇವೆ. ಕಸವೇನೋ ಕಣ್ಮರೆಯಾಗುತ್ತದೆ, ಆದರೆ ಇಲ್ಲವಾಗುವುದಿಲ್ಲ.

ಫ್ಲೆಕ್ಸ್‌ನ ಮುಖ್ಯ ವಸ್ತುವಾದ ಪಿವಿಸಿಯಲ್ಲಿ ಕ್ಲೋರಿನ್ ಇದೆ. ಅದು ಬಯಲಿನಲ್ಲಿ ಅರೆಬರೆ ಉರಿದಾಗ ಡಯಾಕ್ಸಿನ್, ಫ್ಯೂರಾನ್ ಎಂಬ ವಿಷಗಳು ಹುಟ್ಟಿ, ಹೊಗೆಯ ಕಣಗಳಿಗಂಟಿ ಹುಲ್ಲಿನ ಮೇಲೂ ಮಣ್ಣಿನ ಮೇಲೂ ಇಳಿಯುತ್ತವೆ. ಆ ಹುಲ್ಲನ್ನು ಹಸು ಮೇಯುತ್ತದೆ. ಕೊಬ್ಬಿನಲ್ಲಿ ನೆಲೆಸುವ ಈ ವಿಷ ಹಾಲು, ಬೆಣ್ಣೆ, ತುಪ್ಪಗಳ ಮೂಲಕ ನಮ್ಮ ಮನೆಗೇ ಮರಳುತ್ತದೆ. ಮನುಷ್ಯರ ದೇಹ ಸೇರುವ ಡಯಾಕ್ಸಿನ್‌ನ ಶೇಕಡ 90ಕ್ಕೂ ಹೆಚ್ಚು ಭಾಗ ಆಹಾರದಿಂದಲೇ ಬರುತ್ತದೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ದೇಹದಲ್ಲಿ ಅದರ ಪ್ರಮಾಣ ಅರ್ಧಕ್ಕಿಳಿಯಲು 7ರಿಂದ 11 ವರ್ಷ ಬೇಕು. ಈ ಗುಂಪಿನಲ್ಲಿ ಅತ್ಯಂತ ಘೋರವಾದ ಟಿಸಿಡಿಡಿ ಕ್ಯಾನ್ಸರ್‌ಕಾರಕವೆಂದು 1997ರಲ್ಲೇ ನಿರ್ಣಯವಾಗಿದೆ.

ಹಾಗಾದರೆ ಯಂತ್ರದಲ್ಲಿ ಸುಟ್ಟರೆ ಸಾಲದೇ? ಬಿಡದಿಯಲ್ಲಿ ಕಸದಿಂದ ವಿದ್ಯುತ್ ತಯಾರಿಸಲು 11.5 ಮೆಗಾವ್ಯಾಟ್ ಸಾಮರ್ಥ್ಯದ ಸ್ಥಾವರ ನಿರ್ಮಾಣವಾಗಿದೆ. ಇಂಥ ಕುಲುಮೆಗಳಲ್ಲಿ 850 ಡಿಗ್ರಿ ಸೆಲ್ಸಿಯಸ್‌ಗೂ ಮೀರಿದ ಶಾಖದಲ್ಲಿ ಡಯಾಕ್ಸಿನ್ ನಾಶವಾಗುವುದು ನಿಜ. ಆದರೆ ಅನಿಲ ತಣಿಯುವಾಗ, ಸುಮಾರು 200ರಿಂದ 450 ಡಿಗ್ರಿಗಳ ನಡುವೆ, ಅದು ಮತ್ತೆ ಹುಟ್ಟಬಲ್ಲದು. ಶೋಧಕಗಳು ಅದನ್ನು ಹಿಡಿದರೆ ವಿಷ ಹಾರುಬೂದಿಯಲ್ಲಿ ಉಳಿಯುತ್ತದೆ. ಆ ಬೂದಿಯನ್ನು ಎಚ್ಚರದಿಂದ ಹೂಳಬೇಕು. ನಮ್ಮ ನಗರಗಳ ಕಸದಲ್ಲಿ ಹಸಿಯ ಭಾಗವೇ ಹೆಚ್ಚು. ವಿಂಗಡಿಸದೆ ತುಂಬಿದರೆ ಬೆಂಕಿಯ ಶಾಖ ಕುಗ್ಗಿ ವಿಷ ಹೆಚ್ಚುತ್ತದೆ. ಘನ ಮೀಟರ್ ಅನಿಲಕ್ಕೆ 0.1 ನ್ಯಾನೋಗ್ರಾಂ ಮೀರಬಾರದೆಂದು 2016ರ ಘನತ್ಯಾಜ್ಯ ನಿಯಮಗಳು ವಿಧಿಸಿದ್ದವು. ಮಾದರಿ ಸಂಗ್ರಹಿಸಿ ಪ್ರಯೋಗಾಲಯದಲ್ಲಿ ಪರೀಕ್ಷಿಸಿದಾಗ ಮಾತ್ರ ಅದು ತಿಳಿಯುತ್ತದೆ. ಆದ್ದರಿಂದ ಆ ಫಲಿತಾಂಶಗಳನ್ನು ಸುತ್ತಲಿನ ಗ್ರಾಮಸ್ಥರ ಮುಂದಿಡಬೇಕೆಂದು ಕೇಳುವುದು ನ್ಯಾಯವೇ ಆಗಿದೆ.

ಸುಡದೆ ಸುರಿದರೂ ಪಾರಿಲ್ಲ. ಬೆಂಗಳೂರಿನ ಕಸದ ಗುಡ್ಡಗಳಿಂದ ಒಸರಿದ ಕಪ್ಪು ನೀರನ್ನೂ ದುರ್ವಾಸನೆಯನ್ನೂ ಮಾವಳ್ಳಿಪುರ, ಮಂಡೂರಿನ ಜನ ವರ್ಷಗಟ್ಟಲೆ ಸಹಿಸಿದರು. ಕಸ ಮಾಡಿದವರು ಒಬ್ಬರು, ಉಂಡವರು ಮತ್ತೊಬ್ಬರು.

ಕಾನೂನಿನ ಕೊರತೆಯಿಲ್ಲ. ಫ್ಲೆಕ್ಸ್, ಪ್ಲಾಸ್ಟಿಕ್ ತಟ್ಟೆ, ಲೋಟ, ಥರ್ಮಾಕೋಲ್‌ಗಳನ್ನು ನಮ್ಮ ರಾಜ್ಯ 2016ರ ಮಾರ್ಚ್‌ನಲ್ಲೇ ನಿಷೇಧಿಸಿತು. ಬಯಲಿನಲ್ಲಿ ಕಸ ಸುಟ್ಟವರಿಗೆ 5,000, ದೊಡ್ಡ ಪ್ರಮಾಣದಲ್ಲಿ ಸುಟ್ಟವರಿಗೆ 25,000 ರೂಪಾಯಿ ದಂಡವನ್ನು ಅದೇ ಡಿಸೆಂಬರ್‌ನಲ್ಲಿ ರಾಷ್ಟ್ರೀಯ ಹಸಿರು ನ್ಯಾಯಮಂಡಳಿ ಗೊತ್ತುಪಡಿಸಿತು. ಆದರೂ ಗುರುಗಳಿಗೆ ಸ್ವಾಗತ ಕೋರಲು ನಾವು ಫ್ಲೆಕ್ಸ್ ಕಟ್ಟುವುದನ್ನು ಬಿಟ್ಟಿಲ್ಲ. ಈ ಮಾತನ್ನು ಅನ್ಯರಿಗೆ ಹೇಳುವ ಮುನ್ನ ನಮಗೆ ನಾವೇ ಹೇಳಿಕೊಳ್ಳಬೇಕು.

ದಾಸೋಹದ ಪಂಕ್ತಿಗೆ ಮುತ್ತುಗದ ಎಲೆ, ಬಾಳೆ ಎಲೆ, ತೊಳೆದು ಬಳಸುವ ಸ್ಟೀಲಿನ ತಟ್ಟೆ ಸಾಕು. ಉಳಿದ ಅನ್ನವೂ ಎಲೆಯೂ ಗೊಬ್ಬರದ ಗುಂಡಿಗೆ ಸೇರಲಿ. ಒಣಕಸ ಬೇರೆಯಾಗಿಯೇ ಉಳಿಯಲಿ. ಬೆಂಕಿಯ ಬಳಿ ನಿಂತು ಮೊದಲು ಹೊಗೆ ಕುಡಿಯುವವರು ಗುಡಿಸುವ ಕಾಯಕದವರು. ಕಾಯಕವನ್ನು ಗೌರವಿಸುತ್ತೇವೆಂದು ನುಡಿಯುವ ನಾವು ಅವರ ಕೈಗೆ ಬೆಂಕಿಕಡ್ಡಿ ಕೊಡದಿರೋಣ. ಬರುವ ಜಾತ್ರೆಯ ಮರುದಿನ ತೇರಿನ ಬೀದಿಯಲ್ಲಿ ಹೊಗೆ ಏಳದಿರಲಿ.