ಇಲ್ಲದವರ ಲೆಕ್ಕ

ಫುಟ್‌ಬಾಲ್ ಫೈನಲ್ ಹತ್ತಿರವಾದಂತೆ ಪಂಡಿತರು ಎರಡು ಪಟ್ಟಿ ಹಿಡಿದು ಕೂರುತ್ತಾರೆ. ಎದುರಾಳಿಯಲ್ಲಿ ಗೋಲು ಹೊಡೆಯುವವರು ಯಾರು, ಅವರನ್ನು ತಡೆಯಲು ಈ ಕಡೆ ಯಾರಿದ್ದಾರೆ? ಎರಡನೆಯ ಪಟ್ಟಿಯಿಂದ ಒಂದೆರಡು ಹೆಸರು ಬಿದ್ದುಹೋದರೆ ಸಾಕು, ಪಂದ್ಯಕ್ಕೆ ಮೊದಲೇ ತೀರ್ಪು ಬರೆದುಬಿಡುತ್ತಾರೆ. ಈ ಲೆಕ್ಕ ಎಷ್ಟು ದೂರ ತಪ್ಪಬಹುದು ಎಂದು ತಿಳಿಯಬೇಕಾದರೆ 1994ರ ಮೇ 18ರಂದು ಅಥೆನ್ಸಿನಲ್ಲಿ ನಡೆದ ಚಾಂಪಿಯನ್ಸ್ ಲೀಗ್ ಫೈನಲ್ಲನ್ನು ನೋಡಬೇಕು.

ಒಂದು ಕಡೆ ಯೋಹಾನ್ ಕ್ರೈಫ್ ಕಟ್ಟಿದ ಬಾರ್ಸಿಲೋನಾ. 1992ರಲ್ಲಿ ಯುರೋಪಿಯನ್ ಕಪ್ ಎತ್ತಿದ್ದ ತಂಡ, ಈ ಫೈನಲ್ಲಿಗೆ ನಾಲ್ಕೇ ದಿನ ಮೊದಲು ಸ್ಪೇನಿನ ಲೀಗನ್ನು ಸತತ ನಾಲ್ಕನೆಯ ಸಲ ಗೆದ್ದು ಬಂದಿತ್ತು. ಆ ಲೀಗಿನ 38 ಪಂದ್ಯಗಳಲ್ಲಿ ಅದು ಹೊಡೆದದ್ದು 91 ಗೋಲು. ಬ್ರೆಜಿಲಿನ ರೊಮಾರಿಯೊ ಒಬ್ಬನದೇ 30. ಇನ್ನೊಂದು ಕಡೆ ಫಾಬಿಯೊ ಕಪೆಲ್ಲೊ ಅವರ ಎಸಿ ಮಿಲಾನ್. ಇಟಲಿಯ ಲೀಗನ್ನು ಗೆದ್ದಿದ್ದರೂ 34 ಪಂದ್ಯಗಳಲ್ಲಿ ಅದರ ಗೋಲು ಬರೀ 36. ಆದರೆ ಬಿಟ್ಟುಕೊಟ್ಟದ್ದು 15 ಮಾತ್ರ. ಗೋಲ್‌ಕೀಪರ್ ಸೆಬಾಸ್ಟಿಯಾನೊ ರೊಸ್ಸಿ ಆ ಋತುವಿನಲ್ಲಿ ಲೀಗಿನಲ್ಲಿ 929 ನಿಮಿಷ ಒಂದೂ ಗೋಲು ಬಿಡದೆ ನಿಂತಿದ್ದ.

ಇಷ್ಟೇ ಆಗಿದ್ದರೆ ಜೋಡಿ ಸರಿಸಮ ಎನ್ನಬಹುದಿತ್ತು. ಆದರೆ ಮೊನಾಕೊ ವಿರುದ್ಧದ ಸೆಮಿಫೈನಲ್ಲನ್ನು ಮಿಲಾನ್ 3-0ಯಿಂದ ಗೆದ್ದರೂ ತೆತ್ತ ಬೆಲೆ ದೊಡ್ಡದು. ಅಲೆಸ್ಸಾಂಡ್ರೊ ಕೋಸ್ಟಾಕುರ್ಟಾಗೆ ಕೆಂಪು ಕಾರ್ಡು, ನಾಯಕ ಫ್ರಾಂಕೊ ಬರೇಸಿಗೆ ಹಳದಿ. ಇಬ್ಬರೂ ಫೈನಲ್ಲಿನಿಂದ ಹೊರಗೆ. ರಕ್ಷಣೆಯ ನಟ್ಟನಡುವಿನ ಜೋಡಿಯೇ ಇಲ್ಲದ ಮೇಲೆ ರೊಮಾರಿಯೊನನ್ನು ಹಿಡಿಯುವವರು ಯಾರು? ಗೆಲ್ಲುವ ನೆಚ್ಚಿನ ತಂಡ ತಮ್ಮದೇ ಎಂದು ಕ್ರೈಫ್ ಮುಚ್ಚುಮರೆಯಿಲ್ಲದೆ ಹೇಳಿದರು. ಅವರ ಮಾತಿಗೆ ತಲೆಯಾಡಿಸಿದವರೇ ಹೆಚ್ಚು.

ಅವರು ಕಾಣದೆ ಹೋದದ್ದು ಏನೆಂದು ತಿಳಿಯಲು ಏಳು ವರ್ಷ ಹಿಂದೆ ಹೋಗಬೇಕು. 1987ರಲ್ಲಿ ಮಿಲಾನಿಗೆ ತರಬೇತುದಾರನಾಗಿ ಬಂದ ಅರಿಗೊ ಸಾಕ್ಕಿ, ಒಬ್ಬೊಬ್ಬ ಎದುರಾಳಿಗೆ ಒಬ್ಬೊಬ್ಬ ಕಾವಲುಗಾರ ಎಂಬ ಇಟಲಿಯ ಹಳೆಯ ಪದ್ಧತಿಯನ್ನು ಕೈಬಿಟ್ಟರು. ಆಟಗಾರ ತನ್ನ ಜಾಗವನ್ನು ಚೆಂಡು, ಜೊತೆಗಾರ, ಎದುರಾಳಿ ಮತ್ತು ಖಾಲಿ ಸ್ಥಳ ಇವಿಷ್ಟನ್ನೂ ನೋಡಿ ನಿರ್ಧರಿಸಬೇಕಿತ್ತು. ಹಿಂದಿನ ಸಾಲಿಗೂ ಮುಂದಿನ ಸಾಲಿಗೂ ನಡುವೆ ಸುಮಾರು 25 ಮೀಟರಿಗಿಂತ ಹೆಚ್ಚು ಅಂತರ ಬೀಳಕೂಡದು. ಚೆಂಡೇ ಇಲ್ಲದೆ, ಚೆಂಡು ಇಲ್ಲಿದೆ ಎಂದು ಎಣಿಸಿಕೊಂಡು ಹನ್ನೊಂದು ಮಂದಿಯೂ ಒಟ್ಟಿಗೆ ಸರಿಯುವ ಅಭ್ಯಾಸ ನಡೆಯುತ್ತಿತ್ತು. ಗೋಲ್‌ಕೀಪರ್ ಮತ್ತು ನಾಲ್ವರು ರಕ್ಷಕರ ಎದುರು ಹತ್ತು ಮಂದಿಯನ್ನು ಬಿಟ್ಟು, ಕಾಲು ಗಂಟೆಯಲ್ಲಿ ಗೋಲು ಹೊಡೆಯಿರಿ ನೋಡೋಣ ಎಂದು ಸವಾಲು ಹಾಕುತ್ತಿದ್ದುದನ್ನು ಸಾಕ್ಕಿ ಹೇಳಿಕೊಂಡಿದ್ದಾರೆ. ಆ ಹತ್ತು ಮಂದಿಯಲ್ಲಿ ಗುಲ್ಲಿಟ್, ವಾನ್ ಬಾಸ್ಟೆನ್‌ರಂಥ ದಾಳಿಗಾರರಿದ್ದರೂ ಗೋಲು ಬರುತ್ತಿರಲಿಲ್ಲವಂತೆ.

ಕಬಡ್ಡಿ ನೋಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಕೈ ಕೈ ಹಿಡಿದ ಸರಪಳಿಯಲ್ಲಿ ಒಬ್ಬ ಮುಂದೆ ಬಿದ್ದರೆ ಪಕ್ಕದವನ ಕಾಲು ತಾನಾಗಿ ಚಲಿಸಬೇಕು. ಆ ಚಲನೆ ಮೈಗೂಡಿದ ಮೇಲೆ ಸರಪಳಿಯ ಒಬ್ಬ ಬದಲಾದರೂ ಹಿಡಿತ ಸಡಿಲವಾಗುವುದಿಲ್ಲ.

ಸಾಕ್ಕಿ ಕಲಿಸಿದ ಆ ಚಲನೆ ಕಪೆಲ್ಲೊ ಅವರ ತಂಡದಲ್ಲೂ ಉಳಿದಿತ್ತು. ಅಥೆನ್ಸಿನಲ್ಲಿ ಆದದ್ದು ಅದೇ. ಎಡಬದಿಯ ಪಾವ್ಲೊ ಮಾಲ್ದೀನಿ ನಡುವಿಗೆ ಬಂದ. ಎಷ್ಟೋ ವರ್ಷಗಳಿಂದ ಇದೇ ಕ್ಲಬ್ಬಿನಲ್ಲಿ ಪಳಗಿದ್ದ ಫಿಲಿಪ್ಪೊ ಗಾಲ್ಲಿ ಅವನ ಜೊತೆಯಾದ. ಎಡಕ್ಕೆ 21ರ ಹುಡುಗ ಕ್ರಿಸ್ಟಿಯನ್ ಪನೂಚ್ಚಿ, ಬಲಕ್ಕೆ ಹಿರಿಯ ಮೌರೊ ತಸ್ಸೋತ್ತಿ. ಅವರ ಮುಂದೆ ಮಾರ್ಸೆಲ್ ಡೆಸಾಯಿ ಕೋಟೆಯಂತೆ ನಿಂತ. ಮಿಲಾನಿನ ಮಸ್ಸಾರೊ ವಿರಾಮಕ್ಕೆ ಮೊದಲೇ ಎರಡು ಗೋಲು ಹೊಡೆದ. 47ನೆಯ ನಿಮಿಷದಲ್ಲಿ ಬಾರ್ಸಿಲೋನಾದ ನಡಾಲ್ ಕಾಲಿನಿಂದ ಚೆಂಡು ಕಸಿದ ಸವಿಚೆವಿಚ್ ಅದನ್ನು ಗೋಲ್‌ಕೀಪರನ ತಲೆಯ ಮೇಲಿಂದ ಹಾರಿಸಿದ. 58ರಲ್ಲಿ ಡೆಸಾಯಿ ನಾಲ್ಕನೆಯದನ್ನು ಸೇರಿಸಿದ. 4-0. ಆ ಮೂರನೆಯ ಗೋಲು ಗಮನಿಸಬೇಕಾದದ್ದು. ಮಿಲಾನಿನ ರಕ್ಷಣೆ ಶುರುವಾಗುತ್ತಿದ್ದುದು ತನ್ನ ಗೋಲುಕಂಬದ ಬಳಿಯಲ್ಲಲ್ಲ, ಎದುರಾಳಿಯ ಅಂಗಳದಲ್ಲಿ. ರೊಮಾರಿಯೊನನ್ನು ಹಿಡಿಯುವ ಪ್ರಶ್ನೆಯೇ ಅಷ್ಟಾಗಿ ಏಳಲಿಲ್ಲ, ಅವನಿಗೆ ಸರಿಯಾಗಿ ಚೆಂಡು ಸಿಕ್ಕಿದರಲ್ಲವೆ?

ಚೆಂಡು ಸಿಗದಿರಲು ಇನ್ನೂ ಒಂದು ಕಾರಣವಿತ್ತು. ಮೂವರು ವಿದೇಶಿಯರಿಗಷ್ಟೇ ಅವಕಾಶವಿದ್ದ ಆ ಕಾಲದಲ್ಲಿ ಕ್ರೈಫ್ ಕೂಮನ್, ಸ್ಟೊಯಿಚ್ಕೊವ್, ರೊಮಾರಿಯೊ ಇವರನ್ನು ಆಡಿಸಿ, ಡೆನ್ಮಾರ್ಕಿನ ಮೈಕೆಲ್ ಲಾವ್‌ಡ್ರುಪ್‌ನನ್ನು ಹೊರಗಿಟ್ಟಿದ್ದರು. ರಕ್ಷಣೆಯ ಸಾಲನ್ನು ಸೀಳುವಂಥ ಪಾಸು ಕೊಡುವುದರಲ್ಲಿ ಅವನಿಗೆ ಸಮನಿಲ್ಲ. ತಮಗೆ ಭಯವಿದ್ದದ್ದು ಅವನೊಬ್ಬನ ಬಗ್ಗೆ ಎಂದು ಕಪೆಲ್ಲೊ ಆಮೇಲೆ ಹೇಳಿದರು. ಮಿಲಾನಿನಲ್ಲಿ ಇಲ್ಲದವರನ್ನು ಎಣಿಸುತ್ತ ಕೂತವರು ಬಾರ್ಸಿಲೋನಾದಲ್ಲಿ ಇಲ್ಲದವನನ್ನು ಎಣಿಸಲಿಲ್ಲ.

ಹಾಗೆಂದು ವ್ಯಕ್ತಿ ಲೆಕ್ಕಕ್ಕಿಲ್ಲ, ವ್ಯವಸ್ಥೆಯೇ ಎಲ್ಲ ಎಂದುಬಿಟ್ಟರೆ ಅದೂ ತಪ್ಪು. ಎರಡು ತಿಂಗಳ ನಂತರ ವಿಶ್ವಕಪ್ ಫೈನಲ್ಲಿನಲ್ಲಿ ಇಟಲಿಯ ಎದುರು ಇದೇ ರೊಮಾರಿಯೊ ನಿಂತ. ಮೊಣಕಾಲಿನ ಶಸ್ತ್ರಚಿಕಿತ್ಸೆಯಾಗಿ ತಿಂಗಳೂ ತುಂಬದ ಬರೇಸಿ ಅಂದು ಮೈದಾನಕ್ಕಿಳಿದು, 120 ನಿಮಿಷ ಬ್ರೆಜಿಲಿಗೆ ಗೋಲು ಸಿಗದಂತೆ ಕಾದ. ಇಟಲಿ ಸೋತದ್ದು ಪೆನಾಲ್ಟಿ ಒದೆತಗಳಲ್ಲಿ.

ವ್ಯವಸ್ಥೆಯೂ ವರ ಪಡೆದು ಬಂದದ್ದಲ್ಲ. 1995ರ ಮೇ 24ರಂದು ವಿಯೆನ್ನಾದಲ್ಲಿ ಮಿಲಾನ್ ಮತ್ತೆ ಫೈನಲ್ ಆಡಿತು. ಈ ಸಲ ಬರೇಸಿ, ಕೋಸ್ಟಾಕುರ್ಟಾ, ಮಾಲ್ದೀನಿ ಎಲ್ಲರೂ ಹಾಜರು. ಆದರೂ 85ನೆಯ ನಿಮಿಷದಲ್ಲಿ ಅಯಾಕ್ಸಿನ 18ರ ಪ್ಯಾಟ್ರಿಕ್ ಕ್ಲೈವರ್ಟ್ ಹೊಡೆದ ಒಂದೇ ಗೋಲಿಗೆ ಸೋತಿತು. ಆ ಚೆಂಡನ್ನು ಅವನಿಗೆ ಒದಗಿಸಿದವನು ಫ್ರಾಂಕ್ ರೈಕಾರ್ಡ್. ಮಿಲಾನಿನಲ್ಲೇ ಐದು ವರ್ಷ ಆಡಿ, ಆ ರಕ್ಷಣೆಯ ಕೀಲು ಎಲ್ಲೆಲ್ಲಿದೆ ಎಂದು ಒಳಗಿನಿಂದ ಬಲ್ಲವನು.

ಮುಂದಿನ ಫೈನಲ್ಲಿಗೆ ಮೊದಲು ಒಂದು ರಕ್ಷಣೆಯ ಭವಿಷ್ಯ ನುಡಿಯಲು ಹೊರಟವರು ಇಲ್ಲದವರ ಪಟ್ಟಿಯನ್ನು ಒಂದಿಷ್ಟು ಬದಿಗಿಡಲಿ. ಆ ನಾಲ್ವರು ಒಟ್ಟಿಗೆ ಎಷ್ಟು ಕಾಲ ಪಳಗಿದ್ದಾರೆ, ಅವರ ಮುಂದಿನ ಸಾಲು ಚೆಂಡನ್ನು ಎಷ್ಟು ಬೇಗ ಕಸಿಯುತ್ತದೆ, ಎದುರಾಳಿಯ ಸ್ಟ್ರೈಕರಿಗೆ ಚೆಂಡು ತಲುಪಿಸುವವನು ಯಾರು ಎಂಬ ಮೂರು ಪ್ರಶ್ನೆ ಕೇಳಿಕೊಳ್ಳಲಿ. ಭವಿಷ್ಯ ಆಗಲೂ ತಪ್ಪಬಹುದು, ಆದರೆ ತಪ್ಪಿದ್ದೇಕೆ ಎಂಬುದಾದರೂ ಗೊತ್ತಾಗುತ್ತದೆ.